ಮಳೆ ಲೆಕ್ಕದ ಶೀಟಿನ ಪಕ್ಕ ಬಂದು ಕೂತ ಬೇಡದ ಫೈಲುಗಳು

ನಮ್ಮ ತೋಟ ಸೋಮವಾರಪೇಟೆಯಿಂದ ಶಾಂತಳ್ಳಿಗೆ ಹೋಗುವ ಕಡೆ ಇದೆ. ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಮನೆಗೆ ಹೊಂದಿಕೊಂಡು ಎರಡು ಕೋಣೆಯ ಹೋಂಸ್ಟೇ. ಬೆಳಿಗ್ಗೆ 8 ಗಂಟೆಗೆ ಕಣದ ಮೂಲೆಯಲ್ಲಿರುವ ಮಳೆಮಾಪಕದ ನೀರು ಅಳೆದು ಬರೆಯುವುದು ನಮ್ಮ ಮನೆಯಲ್ಲಿ ಮಾವನವರ ಕಾಲದಿಂದ ನಡೆದುಬಂದ ಕೆಲಸ. ಕೊಡಗಿನಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲೇ. 100 ಸೆಂಟ್ ಅಂದರೆ ಒಂದು ಇಂಚು. ಮಿಲಿಮೀಟರ್ ಹೇಳಿದರೆ ಹಿರಿಯರು ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ‘ಇಂಚಿನಲ್ಲಿ ಹೇಳಮ್ಮ’ ಅನ್ನುತ್ತಾರೆ.

ಮಾವನವರು 30 ವರ್ಷಕ್ಕೂ ಹೆಚ್ಚು ಕಾಲ ಬರೆದ ನೋಟ್‌ಬುಕ್ಕುಗಳನ್ನು ನಾನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿಟ್ಟಿದ್ದೇನೆ. 2018ರ ಆಗಸ್ಟ್ ತಿಂಗಳ ಪುಟ ತೆಗೆದರೆ ಈಗಲೂ ನನಗೆ ಎದೆ ಭಾರವಾಗುತ್ತದೆ. ಕರೆಂಟ್ ಇರಲಿಲ್ಲ. ಅವರು ಟಾರ್ಚ್ ಬೆಳಕಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು. ಅಂಕಿಗಳು ಗೆರೆ ಬಿಟ್ಟು ಕೆಳಗೆ ಜಾರಿವೆ, ಒಂದು ಕಡೆ ಹಾಳೆ ಒದ್ದೆಯಾಗಿ ಉಬ್ಬಿದೆ. ಆ ವಾರ ಗುಡ್ಡಗಳು ಜರಿದು ಎಷ್ಟು ಮನೆ, ತೋಟ ಹೋದವು ಅನ್ನುವುದು ಎಲ್ಲರಿಗೂ ಗೊತ್ತೇ ಇದೆ. ಅದಾದ ಮೇಲೆ ಸುತ್ತಲಿನ ಬೆಳೆಗಾರರು ಸೇರಿ ಡ್ರೈವ್‌ನಲ್ಲಿ ಎಲ್ಲರೂ ತೆರೆಯಬಹುದಾದ ಒಂದೇ ಶೀಟಿನಲ್ಲಿ ಎಲ್ಲರ ತೋಟದ ಮಳೆ ಬರೆಯಲು ಶುರು ಮಾಡಿದೆವು. ಯಾವ ಗುಡ್ಡದ ಮೇಲೆ ಎಷ್ಟು ಬಿತ್ತು ಅಂತ ಆವತ್ತೇ ಗೊತ್ತಾಗಬೇಕು ಅನ್ನುವುದು ನಮ್ಮ ಆಸೆ.

ಡ್ರೈವ್ ನನಗೆ ಸುಮ್ನೆ ಫೈಲ್ ಇಡುವ ಜಾಗ ಅಲ್ಲ ಅಂತ ತಿಳಿಯಲಿ ಅಂತಲೇ ಇಷ್ಟೆಲ್ಲ ಹೇಳಿದೆ.

ಒಂದು ಮಾರ್ಚ್ ತಿಂಗಳು, ಕಾಫಿ ಹೂ ಅರಳಿಸುವ ಹೂ ಮಳೆ ಬಂದ ಮರುದಿನ. ತೋಟದ ತುಂಬ ಮಲ್ಲಿಗೆಯಂಥ ಪರಿಮಳ ಬರಲು ಇನ್ನೂ ಒಂದು ವಾರ ಇತ್ತು, ಆದರೆ ಎಲ್ಲರಿಗೂ ಖುಷಿ. ಯಾರ ತೋಟಕ್ಕೆ ಎಷ್ಟು ಬಂತು ನೋಡೋಣ ಅಂತ ಫೋನಿನಲ್ಲಿ ಡ್ರೈವ್‌ನ ‘ಶೇರ್ಡ್ ವಿತ್ ಮಿ’, ಅಂದರೆ ಬೇರೆಯವರು ನನಗೆ ಕಳಿಸಿದ ಫೈಲುಗಳ ಪಟ್ಟಿ, ತೆರೆದೆ. ನಮ್ಮವರ ಶೀಟುಗಳು ಕೆಳಗೆಲ್ಲೋ ಹೋಗಿದ್ದವು. ಮೇಲೆ ಒಂದರ ಹಿಂದೆ ಒಂದು ಗೊತ್ತಿಲ್ಲದ ಫೈಲುಗಳು. ಬಹುಮಾನ ಬಂದಿದೆ ಅನ್ನುವುದು, ಹಣ ಪಾವತಿ ಬಾಕಿ ಇದೆ ಅನ್ನುವುದು, ಮನೆಯವರ ಎದುರು ತೆರೆಯಲಾಗದ ಚಿತ್ರ ಇರುವುದು. ಕೆಲವು ನನಗೆ ಓದಲು ಬಾರದ ಲಿಪಿಯಲ್ಲಿದ್ದವು.

ಮೇಲ್‌ಗೆ ಬೇಡದ್ದನ್ನು ತಡೆಯುವ ಸ್ಪ್ಯಾಮ್ ಜರಡಿ ಇದೆಯಲ್ಲ, ಇವು ಹೇಗೆ ಒಳಗೆ ಬಂದವು ಅಂತ ಮೊದಲು ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು. ಡ್ರೈವ್‌ನಲ್ಲಿ ಯಾರಾದರೂ ನಿಮ್ಮ ಈಮೇಲ್ ವಿಳಾಸ ಹಾಕಿ ಫೈಲ್ ಶೇರ್ ಮಾಡಿದರೆ ಅದು ನಿಮ್ಮ ಒಪ್ಪಿಗೆ ಕೇಳದೆಯೇ ‘ಶೇರ್ಡ್ ವಿತ್ ಮಿ’ಗೆ ಬಂದು ಕೂರಬಹುದು. ಅದರ ಸೂಚನೆಯ ಮೇಲ್ ಬರುವುದು ಗೂಗಲ್‌ನ ಸ್ವಂತ ವಿಳಾಸದಿಂದ. ಹಾಗಾಗಿ ಮೇಲ್ ಜರಡಿ ಅದನ್ನು ಸುಲಭಕ್ಕೆ ತಡೆಯುವುದಿಲ್ಲ. ಮೋಸ ಮಾಡುವವರಿಗೆ ಬೇಕಿರುವುದೇ ಇದು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಒಂದೊಂದನ್ನೇ ಆಯ್ದು ‘ರಿಮೂವ್’ ಒತ್ತಿದೆ. ಪಟ್ಟಿ ಖಾಲಿಯಾಯಿತು, ಮನಸ್ಸಿಗೆ ಸಮಾಧಾನವಾಯಿತು. ವಾರದೊಳಗೆ ಮತ್ತೆ ಬಂದವು. ಕೆಲವು ಅದೇ ಕಳಿಸಿದವರಿಂದ. ರಿಮೂವ್ ಅಂದರೆ ನಮ್ಮ ಕಣ್ಣೆದುರಿನಿಂದ ಸರಿಸಿದ ಹಾಗೆ, ಅಷ್ಟೇ. ಫೈಲ್ ಕಳಿಸಿದವರ ಬಳಿಯೇ ಇರುತ್ತದೆ. ಅವರು ಇನ್ನೊಂದು ಫೈಲ್ ಕಳಿಸುವುದಕ್ಕೆ ಏನೂ ಅಡ್ಡಿ ಇಲ್ಲ. ತೋಟಕ್ಕೆ ನುಗ್ಗಿದ ದನ ಓಡಿಸಿ ಬೇಲಿಯ ಕಂಡಿ ಹಾಗೇ ಬಿಟ್ಟರೆ ನಾಳೆ ಮತ್ತೆ ಬರುತ್ತದೆ, ಅಲ್ವಾ?

ಬೇಲಿ ಹಾಕುವ ಕೆಲಸ ‘ಬ್ಲಾಕ್’ದು. ಗೂಗಲ್ ಇದನ್ನು ಡ್ರೈವ್‌ಗೆ ತಂದಿದ್ದು 2021ರಲ್ಲಿ. ಕಂಪ್ಯೂಟರಿನಲ್ಲಿ ಫೈಲ್ ತೆರೆಯಬೇಡಿ, ಅದರ ಸಾಲಿನ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ. ರಿಪೋರ್ಟ್ ಮಾಡುವ (ಗೂಗಲ್‌ಗೆ ದೂರು ಕೊಡುವ), ಬ್ಲಾಕ್ ಮಾಡುವ ಆಯ್ಕೆ ಬರುತ್ತದೆ. ಫೋನಿನಲ್ಲಾದರೆ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಬೇಕು. ಬ್ಲಾಕ್ ಒತ್ತುವ ಮೊದಲು ಯಾರ ವಿಳಾಸ ಅಂತ ತೋರಿಸುತ್ತದೆ. ಅಲ್ಲಿ ನಿಂತು ಓದಿ. ಓದದೆ ಒತ್ತಿದ್ದರಿಂದ ಏನಾಯಿತು ಅಂತ ಮುಂದೆ ಹೇಳುತ್ತೇನೆ. ಬ್ಲಾಕ್ ಮಾಡಿದ ಮೇಲೆ ಅವರ ಫೈಲುಗಳು ನಮ್ಮ ಪಟ್ಟಿಯಿಂದ ಹೋಗುತ್ತವೆ, ಹೊಸದನ್ನು ಆ ಖಾತೆಯಿಂದ ಕಳಿಸಲು ಆಗುವುದಿಲ್ಲ. ಜಿಮೇಲ್‌ನಲ್ಲಿ ಒಬ್ಬರನ್ನು ಬ್ಲಾಕ್ ಮಾಡಿದ್ದೇನೆ, ಸಾಕು ಅಂದುಕೊಳ್ಳಬೇಡಿ. ಅದು ಅವರ ಮೇಲ್‌ಗಳನ್ನು ಸ್ಪ್ಯಾಮ್‌ಗೆ ಕಳಿಸುತ್ತದೆ. ಡ್ರೈವ್‌ನದ್ದು ಬೇರೆಯಾಗಿ ಮಾಡಬೇಕು.

ಬ್ಲಾಕ್ ಮಾಡುವ ಮೊದಲು ನಾನು ರಿಪೋರ್ಟ್ ಕೂಡ ಮಾಡುತ್ತೇನೆ. ಬ್ಲಾಕ್ ನನ್ನೊಬ್ಬಳಿಗೆ ಬೇಲಿ. ಅದೇ ಫೈಲ್ ಇನ್ನೆಷ್ಟು ಜನರಿಗೆ ಹೋಗಿದೆಯೋ, ರಿಪೋರ್ಟ್ ಆದರೆ ಅವರಿಗೂ ಅನುಕೂಲ. ಅರ್ಧ ನಿಮಿಷದ ಕೆಲಸ.

ಈಗ ನನ್ನ ತಪ್ಪಿನ ವಿಷಯ. ಒಂದು ಸಂಜೆ ಕೂತು ಇಂಥವನ್ನೆಲ್ಲ ಒಂದೇ ಸಮ ಬ್ಲಾಕ್ ಮಾಡುತ್ತಾ ಹೋದೆ. ನಡುವೆ ‘ಅನ್‌ಟೈಟಲ್ಡ್ ಸ್ಪ್ರೆಡ್‌ಶೀಟ್’ ಅಂತ ಒಂದಿತ್ತು. ಕಳಿಸಿದವರ ವಿಳಾಸ ಏನೇನೋ ಅಕ್ಷರ, ಕೊನೆಗೆ ನಾಲ್ಕು ಅಂಕಿ. ಇದೂ ಅದೇ ಜಾತಿ ಅಂದುಕೊಂಡು ಒತ್ತಿಬಿಟ್ಟೆ. ಮರುದಿನ ಬೆಳಿಗ್ಗೆ ಮೇಲಿನ ತೋಟದ ಅಣ್ಣ ಫೋನ್ ಮಾಡಿದರು.

‘ತಂಗಿ, ಮಳೆ ಶೀಟ್ ತೆರೀತಾನೇ ಇಲ್ಲ. ನನ್ನ ಹೆಸರು ತೆಗೆದ್ರಾ?’

ಅವರ ದನಿಯಲ್ಲಿದ್ದ ಬೇಸರ ನನಗೆ ಇನ್ನೂ ನೆನಪಿದೆ. ಹಳೆಯ ಫೋನ್ ಹಾಳಾಗಿ ಮಗ ಹೊಸ ಜಿಮೇಲ್ ಮಾಡಿಕೊಟ್ಟಿದ್ದನಂತೆ. ಆ ವಾರವೇ ನಾನು ಅದನ್ನು ಶೀಟಿಗೆ ಸೇರಿಸಿದ್ದೆ, ನೆನಪೇ ಹಾರಿತ್ತು. ಅವರು ತಮ್ಮ ಹಳೆಯ ಲೆಕ್ಕವನ್ನು ಹೊಸ ಶೀಟಿನಲ್ಲಿ ಬರೆದು, ಹೆಸರಿಡದೆ ನನಗೆ ಕಳಿಸಿದ್ದರು. ಬ್ಲಾಕ್ ಎರಡೂ ಕಡೆಗೆ ಕೆಲಸ ಮಾಡುತ್ತದೆ ಅಂತ ನನಗೆ ಆವತ್ತೇ ತಿಳಿದದ್ದು. ಅವರ ಫೈಲ್ ನನಗೆ ಕಾಣುವುದಿಲ್ಲ, ನನ್ನ ಫೈಲ್ ಅವರಿಗೂ ಸಿಗುವುದಿಲ್ಲ. ಮಳೆ ಶೀಟಿನ ಒಡೆತನ ನನ್ನ ಹೆಸರಲ್ಲಿತ್ತು, ಹಾಗಾಗಿ ಅವರು ಹೊರಗೆ ಉಳಿದರು.

ಸರಿ ಮಾಡುವ ದಾರಿ ಡ್ರೈವ್‌ನೊಳಗೆ ಹುಡುಕಿದರೆ ಸಿಗಲಿಲ್ಲ. ಅದು ಗೂಗಲ್ ಖಾತೆಯ ಸೆಟ್ಟಿಂಗ್‌ನಲ್ಲಿದೆ. ‘ಪೀಪಲ್ ಆಂಡ್ ಶೇರಿಂಗ್’ ಅನ್ನುವ ಭಾಗದಲ್ಲಿ ‘ಬ್ಲಾಕ್ಡ್’ ಅಂತ ಪಟ್ಟಿ ಇರುತ್ತದೆ. ಅಲ್ಲಿಂದ ಅವರ ಹೆಸರು ತೆಗೆದು, ಶೀಟಿಗೆ ಮತ್ತೆ ಸೇರಿಸಿದೆ. ಆಮೇಲೆ ಅವರ ಮನೆಗೇ ಹೋಗಿ ವಿಷಯ ಹೇಳಿ ಬಂದೆ. ಫೋನಿನಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಆವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ. ಫೈಲಿಗೆ ಊರಿನ ಹೆಸರು, ವರ್ಷ ಇರಲೇಬೇಕು. ಕಳಿಸುವ ಮೊದಲು ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಬೇಕು.

ಆದರೂ ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ ಸಂಗತಿ. ಕೆಲವು ತಿಂಗಳ ನಂತರ ಅದೇ ಅಣ್ಣನಿಗೆ ಕಾಫಿ ಸಬ್ಸಿಡಿ ಅನ್ನುವ ಹೆಸರಿನ ಫೈಲ್ ಬಂತು. ಕನ್ನಡದಲ್ಲೇ ಇತ್ತು. ಅವರು ತೆರೆದರು. ಒಳಗೆ ಒಂದು ಲಿಂಕ್, ಅದನ್ನು ಒತ್ತಿದರೆ ಆಧಾರ್ ನಂಬರ್, ಬ್ಯಾಂಕ್ ಖಾತೆ ಕೇಳುವ ಪುಟ. ಎರಡನ್ನೂ ತುಂಬಿದ ಮೇಲೆ ಓಟಿಪಿ ಕೇಳಿತು. ಆಗ ನನಗೆ ಫೋನ್ ಮಾಡಿ, ‘ಓಟಿಪಿ ಹಾಕ್ಲಾ ಬೇಡ್ವಾ?’ ಅಂದರು. ‘ಅಣ್ಣ, ಕೈ ತೆಗೀರಿ, ಏನೂ ಒತ್ತಬೇಡಿ’ ಅಂತ ಕಿರುಚಿಯೇ ಬಿಟ್ಟೆ. ಕೂಡಲೇ ಬ್ಯಾಂಕಿಗೆ ತಿಳಿಸಿದರು, ಹಣ ಉಳಿಯಿತು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ಸಹಾಯವಾಣಿ. ಈ ನಂಬರನ್ನು ನಾನು ನಮ್ಮ ಗುಂಪಿನ ಎಲ್ಲರ ಫೋನಿನಲ್ಲೂ ಸೇವ್ ಮಾಡಿಸಿದ್ದೇನೆ. ಡ್ರೈವ್‌ನಲ್ಲಿ ಒಂದು ಡಾಕ್ಯುಮೆಂಟ್ ಸುಮ್ನೆ ತೆರೆದು ನೋಡಿದ ಮಾತ್ರಕ್ಕೆ ಹಣ ಹೋಗಿಬಿಡುವುದಿಲ್ಲ. ಅಪಾಯ ಇರುವುದು ಅದರೊಳಗಿನ ಲಿಂಕಿನಲ್ಲಿ. ಆದರೆ ತೆರೆದವರ ಕೈ ಲಿಂಕಿಗೆ ಹೋಗದೆ ಇರುತ್ತದೆಯೇ?

ಅವರಿಗೆ ಆ ಫೈಲ್ ಬಂದದ್ದು ಹೇಗೆ ಅಂತ ಯೋಚಿಸುತ್ತಾ ಇದ್ದಾಗ ನನಗೆ ನಮ್ಮ ಶೀಟೇ ನೆನಪಾಯಿತು. ಅದರ ಎರಡನೇ ಹಾಳೆಯಲ್ಲಿ ನಾನು ಎಲ್ಲರ ಹೆಸರು, ಫೋನ್, ಈಮೇಲ್ ಬರೆದಿಟ್ಟಿದ್ದೆ. ಶೀಟ್ ‘ಎನಿವನ್ ವಿತ್ ದ ಲಿಂಕ್’ ಅಂತ ಇತ್ತು, ಅಂದರೆ ಲಿಂಕ್ ಸಿಕ್ಕಿದ ಯಾರು ಬೇಕಾದರೂ ತೆರೆಯಬಹುದು. ಹಿರಿಯರಿಗೆ ಸುಲಭವಾಗಲಿ ಅಂತ ಹಾಗೆ ಮಾಡಿದ್ದೆ. ಆ ಲಿಂಕ್ ಒಂದು ಗುಂಪಿನಿಂದ ಇನ್ನೊಂದಕ್ಕೆ ಎಷ್ಟು ಸಲ ಫಾರ್ವರ್ಡ್ ಆಗಿತ್ತೋ. ಬಂದದ್ದು ಇದೇ ದಾರಿಯಿಂದ ಅಂತ ಹೇಳಲು ನನ್ನ ಬಳಿ ಪುರಾವೆ ಇಲ್ಲ. ಆದರೆ ಬಾಗಿಲು ತೆರೆದಿಟ್ಟವಳು ನಾನು ಅನ್ನುವುದು ನಿಜ. ಆವತ್ತೇ ಆ ಹಾಳೆ ಅಳಿಸಿದೆ. ಶೀಟನ್ನು ‘ರಿಸ್ಟ್ರಿಕ್ಟೆಡ್’ ಮಾಡಿ, ಬೇಕಾದವರ ವಿಳಾಸ ಮಾತ್ರ ಸೇರಿಸಿದೆ. ಶೇರ್ ಕಿಟಕಿಯ ಸೆಟ್ಟಿಂಗ್‌ನಲ್ಲಿ ಎಡಿಟರ್‌ಗಳು ಬೇರೆಯವರಿಗೆ ಶೇರ್ ಮಾಡಬಹುದು ಅನ್ನುವ ಟಿಕ್ ಇರುತ್ತದೆ, ಅದನ್ನೂ ತೆಗೆದೆ. ಒಬ್ಬೊಬ್ಬರ ಮನೆಗೆ ಹೋಗಿ ಲಾಗಿನ್ ಮಾಡಿಕೊಡಲು ಎರಡು ಭಾನುವಾರ ಬೇಕಾಯಿತು. ಮೂರು ಮನೆಯಲ್ಲಿ ಊಟವೂ ಆಯಿತು.

ನನ್ನ ವಿಳಾಸ ಹೊರಗೆ ಹೋದದ್ದಕ್ಕೆ ಹೋಂಸ್ಟೇಯೂ ಕಾರಣ ಇರಬೇಕು. ಬೋರ್ಡಿನ ಮೇಲೆ, ಬುಕಿಂಗ್ ಪುಟದಲ್ಲಿ, ಚೀಟಿಯಲ್ಲಿ ಎಲ್ಲ ಕಡೆ ಒಂದೇ ಜಿಮೇಲ್. ಈಗ ಹೋಂಸ್ಟೇಗೆ ಬೇರೆ ಖಾತೆ ಇದೆ. ಮಳೆ ಲೆಕ್ಕ, ಪಹಣಿಯ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ ಇರುವ ಖಾತೆಯ ವಿಳಾಸವನ್ನು ಬೋರ್ಡಿನಲ್ಲಿ ಬರೆಯುವುದಿಲ್ಲ. ಇಷ್ಟೆಲ್ಲ ಮಾಡಿದ್ದರಲ್ಲಿ ಜಾಸ್ತಿ ಫಲ ಕೊಟ್ಟದ್ದು ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಮೋಸ ಮಾಡುವವರು ದಿನಕ್ಕೊಂದು ಹೊಸ ಖಾತೆ ತೆರೆಯುತ್ತಾರೆ, ಬ್ಲಾಕ್ ಪಟ್ಟಿ ಎಷ್ಟು ಬೆಳೆದರೂ ಸಾಲದು.

ಜಾಗದ ಬಗ್ಗೆ ತುಂಬ ಜನ ಕೇಳುತ್ತಾರೆ. ಬೇರೆಯವರು ಡ್ರೈವ್‌ನಲ್ಲಿ ಶೇರ್ ಮಾಡಿದ ಫೈಲ್ ನಮ್ಮ 15 ಜಿಬಿ ಉಚಿತ ಜಾಗವನ್ನು ತಿನ್ನುವುದಿಲ್ಲ, ಅದು ಒಡೆಯರ ಲೆಕ್ಕಕ್ಕೆ ಹೋಗುತ್ತದೆ. ಆದರೆ ಯಾರಾದರೂ ಫೈಲಿನ ಒಡೆತನವನ್ನೇ ನಿಮಗೆ ಕೊಡುತ್ತೇವೆ ಅಂತ ಕೋರಿಕೆ ಕಳಿಸಿದರೆ, ಒಪ್ಪಿದ ಮೇಲೆ ಭಾರ ನಿಮ್ಮದು. ಗೊತ್ತಿಲ್ಲದವರದ್ದು ಒಪ್ಪಬೇಡಿ. ಡ್ರೈವ್‌ನಂಥದ್ದೇ ಇನ್ನೊಂದು ಸೇವೆಯಾದ ಡ್ರಾಪ್‌ಬಾಕ್ಸ್‌ನ ನಿಯಮ ಬೇರೆ. ಅಲ್ಲಿ ಹಂಚಿಕೊಂಡ ಫೋಲ್ಡರ್ ಅನ್ನು ನಮ್ಮ ಖಾತೆಗೆ ಸೇರಿಸಿಕೊಂಡರೆ ಅದು ನಮ್ಮ ಜಾಗದಲ್ಲೇ ಎಣಿಕೆಯಾಗುತ್ತದೆ. ಅತಿಥಿಯೊಬ್ಬರು ಪ್ರೀತಿಯಿಂದ ಕಳಿಸಿದ ವಿಡಿಯೋ ಫೋಲ್ಡರ್ ಸೇರಿಸಿಕೊಂಡು ನನ್ನ ಉಚಿತ 2 ಜಿಬಿ ಒಂದೇ ಸಲಕ್ಕೆ ತುಂಬಿತ್ತು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಜೂನ್‌ನಿಂದ ಇಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋದರೆ ದಿನಗಟ್ಟಲೆ ಬರುವುದಿಲ್ಲ. ಬಂದ ಕೂಡಲೇ ಬಾಕಿ ಇದ್ದ ನೋಟಿಫಿಕೇಶನ್‌ಗಳು ಒಟ್ಟಿಗೇ ಸುರಿಯುತ್ತವೆ. ಆ ಗಡಿಬಿಡಿಯಲ್ಲೇ ಬೆರಳು ತಪ್ಪು ಕಡೆ ಬೀಳುವುದು. ಹಾಗಾಗಿ ಡ್ರೈವ್ ಸೆಟ್ಟಿಂಗ್‌ನ ನೋಟಿಫಿಕೇಶನ್ ಭಾಗದಲ್ಲಿ ಹೊಸದಾಗಿ ಶೇರ್ ಆದ ಫೈಲುಗಳ ಸೂಚನೆಯನ್ನು ನಾನು ಆರಿಸಿಟ್ಟಿದ್ದೇನೆ. ನಮ್ಮ ಅತ್ತೆಯ ಫೋನಿನಲ್ಲೂ ಅದನ್ನೇ ಮಾಡಿದೆ.

2023ರಿಂದ ಡ್ರೈವ್‌ನಲ್ಲಿ ಮೇಲ್‌ನಂತೆಯೇ ಸ್ಪ್ಯಾಮ್ ಫೋಲ್ಡರ್ ಕೂಡ ಇದೆ. ಅನುಮಾನ ಬಂದದ್ದನ್ನು ಗೂಗಲ್ ತಾನೇ ಅಲ್ಲಿಗೆ ಹಾಕುತ್ತದೆ, ನಾವೂ ಹಾಕಬಹುದು. ಅಲ್ಲಿ ಹೋದ ಫೈಲಿನ ಕಮೆಂಟ್, ಸೂಚನೆ ಯಾವುದೂ ನಮಗೆ ಬರುವುದಿಲ್ಲ. 30 ದಿನದ ಮೇಲೆ ಅದು ಅಲ್ಲಿಂದಲೂ ಹೋಗುತ್ತದೆ. ಬ್ಲಾಕ್ ಮಾಡಲು ಮನಸ್ಸು ಒಪ್ಪದ, ಆದರೆ ಅನುಮಾನ ಇರುವ ಫೈಲುಗಳಿಗೆ ಇದೇ ಸರಿಯಾದ ಜಾಗ ಅಂತ ನನ್ನ ಅಭಿಪ್ರಾಯ. ಮೇಲಿನ ತೋಟದ ಅಣ್ಣನ ಶೀಟನ್ನು ಆವತ್ತು ಇಲ್ಲಿಗೆ ಹಾಕಿದ್ದರೆ ಅವರು ಹೊರಗೆ ಉಳಿಯುತ್ತಿರಲಿಲ್ಲ.

ತಿಂಗಳಿಗೊಮ್ಮೆ, ಮಳೆಯ ಒಟ್ಟು ಮೊತ್ತ ಹಾಕುವ ದಿನ, ಆ ಫೋಲ್ಡರನ್ನೂ ಒಮ್ಮೆ ನೋಡುತ್ತೇನೆ. ಹೋದ ತಿಂಗಳು ಅದರಲ್ಲಿ ‘ತಾಕೇರಿ ಮಳೆ’ ಅಂತ ಒಂದು ಫೈಲ್ ಇತ್ತು. ವಿಳಾಸ ಗೊತ್ತಿರಲಿಲ್ಲ. ತೆರೆಯಲಿಲ್ಲ, ಮೊದಲು ಗುಂಪಿನಲ್ಲಿ ವಿಚಾರಿಸಿದೆ. ಹೊಸದಾಗಿ ಸೇರಲು ಬಂದ ಬೆಳೆಗಾರರೊಬ್ಬರು ‘ನಾನೇ ಕಳಿಸಿದ್ದು ಅಕ್ಕ, ವಾಯ್ಸ್ ಮೆಸೇಜ್ ಹಾಕೋದು ಮರ್ತೆ’ ಅಂದರು. ‘ನಾಟ್ ಸ್ಪ್ಯಾಮ್’ ಒತ್ತಿ ಹೊರಗೆ ತಂದೆ. ಅವರ ತಂದೆ ಬರೆದಿಟ್ಟ ಹನ್ನೊಂದು ವರ್ಷದ ಲೆಕ್ಕ ಅದರಲ್ಲಿತ್ತು, ಇಂಚು ಮತ್ತು ಸೆಂಟಿನಲ್ಲಿ.