ಕಬ್ಬು ಕಡಿಯಲು ಬಂದವರ ಮಕ್ಕಳನ್ನು ಶಾಲೆಗೆ ಸೇರಿಸಿ ಉಳಿಸಿಕೊಳ್ಳುವ ಬಗೆ

ಮಂಡ್ಯ ಸೀಮೆಯಲ್ಲಿ ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿತೆಂದರೆ ಬಳ್ಳಾರಿ, ವಿಜಯನಗರದ ಕಡೆಯಿಂದ ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಮಕ್ಕಳೂ ಜೊತೆಗೇ ಬರುತ್ತಾರೆ. ಹುಡುಗಿಯ ಹೆಸರು ಅವಳೂರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುತ್ತದೆ, ಅವಳು ಇಲ್ಲಿ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಗುಡಿಸಲ ಮುಂದೆ ನಿಂತಿರುತ್ತಾಳೆ. ಅವಳನ್ನು ಶಾಲೆಗೆ ಸೇರಿಸುವುದು ಒಂದು ದಿನದ ಕೆಲಸ. ಹಂಗಾಮು ಮುಗಿಯುವ ತನಕ ಉಳಿಸಿಕೊಂಡು ಮತ್ತೆ ಅವಳೂರಿನ ಶಾಲೆಗೆ ಮುಟ್ಟಿಸುವುದು ತಿಂಗಳುಗಟ್ಟಲೆ ಕೆಲಸ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಾಗಲಿ, ಶಿಕ್ಷಕರಾಗಲಿ, ಪಂಚಾಯಿತಿ ಸದಸ್ಯರಾಗಲಿ, ಕೈಹಾಕುವಾಗಲೇ ಅಷ್ಟಕ್ಕೂ ತಯಾರಿರಬೇಕು.

ಹಗಲು ಹೋದರೆ ದೊಡ್ಡವರು ಸಿಗುವುದಿಲ್ಲ. ಸಂಜೆ ಏಳರ ಮೇಲೆ, ಒಲೆ ಹಚ್ಚುವ ಹೊತ್ತಿಗೆ ಹೋಗಿ. ಯಾವ ಗ್ಯಾಂಗು ಎಲ್ಲಿ ಬೀಡುಬಿಟ್ಟಿದೆ, ಮುಂದೆ ಯಾವ ಊರಿಗೆ ಎಂಬುದನ್ನು ಕಾರ್ಖಾನೆಯ ಫೀಲ್ಡ್‌ಮನ್ ಹತ್ತಿರ ಕೇಳಿಕೊಳ್ಳಿ. ಮೊದಲು ಮಾತಾಡಬೇಕಾದ್ದು ಗ್ಯಾಂಗು ಕರೆತಂದ ಮೇಸ್ತ್ರಿಯ ಜೊತೆ. ಕೇಸು ಹಾಕಲು ಬಂದವರು ಎಂದು ಅವನಿಗೆ ಅನ್ನಿಸಿತೋ, ಮಾರನೆಯ ದಿನ ಒಂದು ಮಗುವೂ ಕಣ್ಣಿಗೆ ಬೀಳುವುದಿಲ್ಲ. 14 ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ಅಪರಾಧ, ಮಾತಿಗೆ ಬಗ್ಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲೇಬೇಕು. ಆದರೆ ಅದನ್ನೇ ಮೊದಲ ಮಾತಾಗಿಸಬೇಡಿ.

ಒಂದು 200 ಪುಟದ ಪುಸ್ತಕ ಇಡಿ. ಮಗುವಿಗೊಂದು ಪುಟ: ಹೆಸರು, ತಂದೆ ತಾಯಿ, ಸ್ವಂತ ಊರು ಮತ್ತು ತಾಲ್ಲೂಕು, ಅಲ್ಲಿ ಓದುತ್ತಿದ್ದ ತರಗತಿ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಸಂಖ್ಯೆ), ಬಂದ ದಿನ, ಮೇಸ್ತ್ರಿಯ ಮೊಬೈಲ್ ನಂಬರು. ಅದರ ಜೊತೆಗೆ, ಮಗು ಹಗಲೆಲ್ಲ ಯಾರನ್ನು ನೋಡಿಕೊಳ್ಳುತ್ತದೆ ಎಂಬುದನ್ನೂ ಬರೆಯಿರಿ. ಅಕ್ಕ ಶಾಲೆ ಬಿಡುವುದಕ್ಕೆ ಬಹಳ ಸಲ ಕಾರಣ ಆ ತಮ್ಮನೇ. ಅವನಿಗೆ ಮೂರು ತುಂಬಿದ್ದರೆ ಅದೇ ದಿನ ಅಂಗನವಾಡಿಗೆ ಸೇರಿಸಿ. ಇನ್ನೂ ಚಿಕ್ಕವನಾದರೆ ಪಂಚಾಯಿತಿಯಲ್ಲಿ ಕೂಸಿನ ಮನೆ (ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರ) ಇದೆಯೇ ನೋಡಿ. ಇದನ್ನು ಬಗೆಹರಿಸದೆ ಅಕ್ಕನಿಗೆ ಬ್ಯಾಗು, ಸ್ಲೇಟು ಕೊಟ್ಟರೆ ವಾರ ಕಳೆಯುವುದರೊಳಗೆ ಅವಳು ಗುಡಿಸಲಿಗೇ ವಾಪಸ್.

ಕಾಗದಪತ್ರದ ವಿಷಯಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಪರವಾಗಿದೆ. ಟಿಸಿ ಬರುವುದು ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ (ಕಲಂ 5), ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ (ಕಲಂ 14), ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು (ಕಲಂ 15). ಆಧಾರ್ ಇಲ್ಲವೆಂದು ಮಗುವನ್ನು ಹೊರಗಿಡಬಾರದು ಎಂಬುದು ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲಿದೆ. ಅನುಮಾನ ತೋರುವ ಹೆಡ್‌ಮೇಷ್ಟ್ರ ಜೊತೆ ಜಗಳಕ್ಕಿಳಿಯುವ ಬದಲು ಈ ಕಲಮುಗಳನ್ನು ಉಲ್ಲೇಖಿಸಿ ಒಂದು ಅರ್ಜಿ ಬರೆದುಕೊಡಿ, ಸ್ವೀಕೃತಿ ಪಡೆಯಿರಿ, ಸಿಆರ್‌ಪಿಗೆ (ಸುತ್ತಲಿನ ಶಾಲೆಗಳ ಕ್ಲಸ್ಟರನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ತಿಳಿಸಿ. ಅಲ್ಲಿಗೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ.

ಎಚ್ಚರ ವಹಿಸಬೇಕಾದ್ದು ಹುಟ್ಟಿದ ದಿನಾಂಕದಲ್ಲಿ. ದಾಖಲೆ ಇಲ್ಲದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಬಿಡುವ ಅಭ್ಯಾಸ ನಮ್ಮಲ್ಲಿ ಹಳೆಯದು. ಅದೇ ದಿನಾಂಕ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುತ್ತದೆ, ಆಮೇಲೆ ತಿದ್ದಿಸಲು ಕೋರ್ಟು ಅಲೆಯಬೇಕಾಗುತ್ತದೆ. ಮೊದಲು ತಾಯಿ ಕಾರ್ಡು (ಬಸುರಿನಲ್ಲಿ ಆರೋಗ್ಯ ಇಲಾಖೆ ಕೊಡುವ ಕಾರ್ಡು) ಕೇಳಿ. ಊರಲ್ಲೇ ಬಿಟ್ಟುಬಂದಿದ್ದರೆ ಅಲ್ಲಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಫೋನ್ ಮಾಡಿಸಿ, ಅವರ ರಿಜಿಸ್ಟರಿನಲ್ಲಿ ಮಗುವಿನ ವಿವರವಿರುವ ಪುಟದ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಅದೂ ಸಿಗದಿದ್ದರೆ ತಾಯಿಯನ್ನು ಇಸವಿ ಕೇಳಬೇಡಿ. ದೀಪಾವಳಿಗೆ ಮುಂಚೆಯೋ ಆಮೇಲೋ, ಬಾಣಂತನ ಮಳೆಗಾಲದಲ್ಲೋ ಬೇಸಿಗೆಯಲ್ಲೋ, ದಿನಾಂಕ ಗೊತ್ತಿರುವ ಅಣ್ಣನಿಗಿಂತ ಎಷ್ಟು ಚಿಕ್ಕವಳು ಎಂದು ಕೇಳಿ. ಬಾಯಿಯ ಮುಂಭಾಗದ ಹಾಲುಹಲ್ಲು ಬೀಳುವುದು ಸಾಮಾನ್ಯವಾಗಿ ಆರೇಳನೇ ವರ್ಷಕ್ಕೆ, ಅದೂ ಒಂದು ಸುಳಿವು. ಹೀಗೆ ಗೊತ್ತಾದ ತಿಂಗಳು, ವರ್ಷವನ್ನೇ ಇಟ್ಟುಕೊಂಡು ತಂದೆ ಅಥವಾ ತಾಯಿಯ ಸಹಿಯಿರುವ ವಯಸ್ಸಿನ ಘೋಷಣೆ ಬರೆಸಿ, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ.

ಊರಿನ ಶಾಲೆಯಲ್ಲಿ ಸ್ಯಾಟ್ಸ್ ಸಂಖ್ಯೆ ಇದ್ದರೆ ಇಲ್ಲಿ ಹೊಸದನ್ನು ಹುಟ್ಟಿಸಬೇಡಿ. ಒಂದೇ ಮಗುವಿಗೆ ಎರಡು ಸಂಖ್ಯೆಯಾದರೆ ಮುಂದೆ ಟಿಸಿ, ವಿದ್ಯಾರ್ಥಿವೇತನ ಎಲ್ಲಕ್ಕೂ ತೊಡಕು. ಎರಡೂ ಶಾಲೆಯ ಹೆಡ್‌ಮೇಷ್ಟ್ರು ಫೋನಿನಲ್ಲಿ ಐದು ನಿಮಿಷ ಮಾತಾಡಿದರೆ ಬಗೆಹರಿಯುವ ವಿಷಯ ಇದು.

ಹತ್ತು ವರ್ಷದ ಹುಡುಗನನ್ನು ಅಕ್ಷರ ಬಾರದು ಎಂದು ಒಂದನೇ ತರಗತಿಯಲ್ಲಿ ಕೂರಿಸಬೇಡಿ. ಚಿಕ್ಕವರ ನಡುವೆ ನಾಚಿ ಮೂರನೇ ದಿನಕ್ಕೆ ಬಿಡುತ್ತಾನೆ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 4ರಂತೆ ಅವನ ವಯಸ್ಸಿನ ತರಗತಿಗೇ ಸೇರಿಸಿ, ಜೊತೆಗೆ ವಿಶೇಷ ತರಬೇತಿ ಕೊಡಬೇಕು. ಅದರ ಅವಧಿ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ಮನೆಯಲ್ಲಿ ಲಂಬಾಣಿ ಮಾತಾಡುವ ಮಕ್ಕಳಿಗೆ ಮೊದಲ ಎರಡು ವಾರ ಪಠ್ಯಪುಸ್ತಕ ಬೇಡ. ನೀರು, ಒಲೆ, ಕಬ್ಬು, ಅವ್ವ ಇಂಥ ಇಪ್ಪತ್ತು ಪದ ಅವರ ಮಾತಿನಲ್ಲಿ ಕೇಳಿ, ಕನ್ನಡದಲ್ಲಿ ಹೇಳಿಸಿ, ಆಮೇಲೆ ಬರೆಸಿ. ತಾಯಂದಿರಿಗೆ ಬಿಸಿಯೂಟ, ಹಾಲು, ಮೊಟ್ಟೆಯ ವಿಷಯ ಬಿಡಿಸಿ ಹೇಳಿ. ಮಧ್ಯಾಹ್ನ ಮಗುವಿನ ಹೊಟ್ಟೆ ತುಂಬುತ್ತದೆ ಎಂಬ ಭರವಸೆ ಅವರಿಗೆ ಸಣ್ಣದಲ್ಲ.

ದಾರಿಯನ್ನು ಒಮ್ಮೆ ನೀವೇ ನಡೆದು ನೋಡಿ. ನಿಯಮದ ಪ್ರಕಾರ ಐದನೇ ತರಗತಿವರೆಗಿನ ಶಾಲೆ 1 ಕಿಲೋಮೀಟರ್ ಒಳಗಿರಬೇಕು, ಎಂಟನೆಯವರೆಗಿನದು 3 ಕಿಲೋಮೀಟರ್ ಒಳಗೆ. ಆದರೆ ಆ ದಾರಿ ತಡೆಗೋಡೆ ಇಲ್ಲದ ನಾಲೆ ಏರಿಯ ಮೇಲಿದ್ದರೆ ಅರ್ಧ ಕಿಲೋಮೀಟರೂ ಅಪಾಯವೇ. ಮಕ್ಕಳನ್ನು ಗುಂಪಾಗಿ ಕರೆತರಲು ಊರಿನ ಒಬ್ಬ ದೊಡ್ಡವರನ್ನು ಗೊತ್ತುಮಾಡಿ.

ಗ್ಯಾಂಗು ಪಕ್ಕದ ಊರಿಗೆ ಸರಿದಾಗಲೇ ಮಕ್ಕಳು ಕೈತಪ್ಪುವುದು. ಅದಕ್ಕೇ ಪ್ರತಿ ಶನಿವಾರ ಮೇಸ್ತ್ರಿಗೆ ಒಂದು ಫೋನ್ ಮಾಡಿ. ಹೊರಡುವ ಸುಳಿವು ಸಿಕ್ಕ ದಿನವೇ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಚೀಟಿ ಹಾಕಿ ತಾಯಿಯ ಕೈಗೆ ಕೊಡಿ: ಸ್ಯಾಟ್ಸ್ ಸಂಖ್ಯೆ, ತರಗತಿ, ಇಲ್ಲಿ ಹಾಜರಾದ ದಿನಗಳು, ಮಗು ಎಷ್ಟು ಓದಬಲ್ಲದು, ಹೆಡ್‌ಮೇಷ್ಟ್ರ ನಂಬರು. ಹಂಗಾಮು ಮುಗಿದು ಊರಿಗೆ ಹೋದವರಾದರೆ ಒಂದು ವಾರ ಬಿಟ್ಟು ಅಲ್ಲಿನ ಶಾಲೆಗೆ ಫೋನ್ ಮಾಡಿ, ಮಗು ಬಂದು ಕೂತಿದೆಯೇ ಕೇಳಿ. ಇಲ್ಲ ಎಂದರೆ ಆ ಕ್ಲಸ್ಟರಿನ ಸಿಆರ್‌ಪಿ ನಂಬರು ಪಡೆದು ನಿಮ್ಮ ಪುಸ್ತಕದ ಆ ಪುಟದ ಫೋಟೊ ಕಳಿಸಿ.