ಮಳೆಗಾಲದ ಮನೆಗೆ ಸೌದೆ ಒಲೆ

ಕೊಡಗಿನಲ್ಲಿ ಹೊಸ ಮನೆ ಕಟ್ಟುವ ಮಕ್ಕಳು ಈಚೆಗೆ ಹಾಲ್‌ನಲ್ಲಿ ಒಂದು ಸೌದೆ ಒಲೆ ಇಡಿಸಲೇ ಅಂತ ಕೇಳುತ್ತಾರೆ. ಇಡಿಸಿ, ಒಳ್ಳೆಯದೇ. ಆದರೆ ಯಾತಕ್ಕೆ ಇಡಿಸುತ್ತೀರಿ ಅನ್ನುವುದು ಮೊದಲು ಗೊತ್ತಿರಲಿ. ನಮ್ಮಲ್ಲಿ ಚಳಿ ಅಷ್ಟು ದೊಡ್ಡ ತೊಂದರೆ ಅಲ್ಲ. ಡಿಸೆಂಬರ್, ಜನವರಿಯ ರಾತ್ರಿ ಎರಡು ಕಂಬಳಿ ಹೊದ್ದರೆ ಕಳೆಯುತ್ತದೆ, ಹಗಲಿಗೆ ಬಿಸಿಲು ಇದ್ದೇ ಇರುತ್ತದೆ. ಕಾಡುವುದು ಥಂಡಿ, ಅಂದರೆ ಮಳೆಯ ತೇವ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ. ಬೀರುವಿನ ಸೀರೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು. ಉಪ್ಪು ನೀರಾಗುತ್ತದೆ, ಗೋಡೆ ಬೆವರುತ್ತದೆ. ಸೌದೆ ಒಲೆ ನಮಗೆ ಬೇಕಾಗುವುದು ಈ ತೇವ ಓಡಿಸಲಿಕ್ಕೆ.

ಇನ್ನೊಂದು ಕಾರಣವೂ ಇದೆ. ಕಕ್ಕಡದ, ಅಂದರೆ ಜುಲೈ–ಆಗಸ್ಟ್‌ನ ಜೋರು ಮಳೆಯ ತಿಂಗಳಿನ, ಗಾಳಿಗೆ ಮರ ಬಿದ್ದು ತಂತಿ ಹರಿದರೆ ಎಸ್ಟೇಟ್ ಕಡೆಯ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಆಗ ಎಲೆಕ್ಟ್ರಿಕ್ ಹೀಟರ್ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ಒಲೆಗೆ ಆ ಚಿಂತೆ ಇಲ್ಲ. ಮೇಲೊಂದು ಕೆಟಲ್ ಇಟ್ಟರೆ ಬಿಸಿನೀರೂ ಆಯಿತು, ಕಾಫಿಯೂ ಆಯಿತು. ಕರೆಂಟ್ ಇಲ್ಲದ ಸಂಜೆ ಮನೆಮಂದಿಯೆಲ್ಲ ಬೇರೆ ಬೇರೆ ಕೋಣೆ ಬಿಟ್ಟು ಒಂದೇ ಕಡೆ ಬಂದು ಕೂರುತ್ತಾರಲ್ಲ, ಅದಕ್ಕಿಂತ ದೊಡ್ಡ ಸುಖ ನನಗೆ ಮಳೆಗಾಲದಲ್ಲಿ ಬೇರೆ ಇಲ್ಲ.

ಹಳೆ ಬಂಗಲೆಗಳಲ್ಲಿರುವ ಗೋಡೆಯ ಫೈರ್‌ಪ್ಲೇಸ್ ನೋಡಲಿಕ್ಕೆ ಬಲು ಚೆಂದ. ಕಾವಿನ ಲೆಕ್ಕ ಹಾಕಿದರೆ ಅದು ನಷ್ಟದ ಬಾಬತ್ತು. ಹತ್ತು ಪಾಲು ಕಾವಿನಲ್ಲಿ ಒಂದು ಪಾಲು ಕೋಣೆಗೆ ಉಳಿದರೆ ದೊಡ್ಡದು, ಉಳಿದದ್ದೆಲ್ಲ ಚಿಮಣಿಯಲ್ಲಿ ಹೋಗುತ್ತದೆ. ಜೊತೆಗೆ ಕೋಣೆಯ ಬೆಚ್ಚಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಬಾಗಿಲಿರುವ ಎರಕದ ಕಬ್ಬಿಣದ ಒಲೆಯಾದರೆ ಆರೇಳು ಪಾಲು ನಮಗೇ ಸಿಗುತ್ತದೆ. ಅದನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಮನೆಯ ನಡುವಿಗೆ ಹತ್ತಿರವಿರುವ ಒಳಗೋಡೆಯ ಪಕ್ಕ ಇಡಿ. ಗೋಡೆಗೂ ಒಲೆಗೂ ನಡುವೆ ತಯಾರಿಸಿದವರು ಹೇಳಿದಷ್ಟು ಜಾಗ ಬಿಡಲೇಬೇಕು, ಅದರಲ್ಲೂ ಹಿಂದೆ ಮರದ ಹಲಗೆ ಇದ್ದರೆ. ದೊಡ್ಡ ಒಲೆ ತೆಗೆದುಕೊಳ್ಳುವ ಆಸೆ ಬೇಡ. ದೊಡ್ಡದು ತಂದವರು ಸೆಖೆ ತಾಳದೆ ಗಾಳಿಯ ಕಿಂಡಿ ಮುಚ್ಚುತ್ತಾರೆ. ಆಗ ಬೆಂಕಿ ಉರಿಯುವುದು ಬಿಟ್ಟು ಹೊಗೆಯಾಡುತ್ತದೆ. ಸಣ್ಣ ಒಲೆಯಲ್ಲಿ ಚುರುಕಾಗಿ ಉರಿಯುವ ಬೆಂಕಿಯೇ ಮೇಲು.

ಈಗ ಸೌದೆಯ ಮಾತು. ಒಲೆಗೆ ಎಷ್ಟು ದುಡ್ಡು ಸುರಿದರೂ ಸೌದೆ ಹಸಿಯಾಗಿದ್ದರೆ ಎಲ್ಲ ವ್ಯರ್ಥ. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ ಇರುತ್ತದೆ. ಆ ನೀರು ಆವಿಯಾಗಲಿಕ್ಕೇ ಕಾವೆಲ್ಲ ಖರ್ಚಾಗುತ್ತದೆ, ಕೋಣೆಗೆ ಸಿಗುವುದು ಹೊಗೆ ಮಾತ್ರ. ಒಳಗಿನ ತೇವ ಶೇಕಡಾ 20ಕ್ಕಿಂತ ಕೆಳಗೆ ಇಳಿಯಬೇಕು. ಇದನ್ನು ಅಳೆಯುವ ಪುಟ್ಟ ಮೀಟರ್ ಈಗ ಸಿಗುತ್ತದೆ. ಅದನ್ನು ಸಿಪ್ಪೆಯ ಮೇಲೆ ಒತ್ತಬೇಡಿ, ಕೊರಡನ್ನು ಸೀಳಿ ಒಳಮೈಗೆ ಒತ್ತಿ ನೋಡಿ. ಮೀಟರ್ ಇಲ್ಲದಿದ್ದರೂ ಅಡ್ಡಿಯಿಲ್ಲ. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಇರುತ್ತದೆ, ಸಿಪ್ಪೆ ತಾನಾಗಿ ಕಳಚುತ್ತದೆ, ಎರಡು ತುಂಡು ಬಡಿದರೆ ಟಣ್ ಅನ್ನುತ್ತದೆ. ಹಸಿಯದ್ದು ದಬ್ ಅನ್ನುತ್ತದೆ. ಉರಿಯುವಾಗ ತುದಿಯಲ್ಲಿ ಸುಂಯ್ ಅಂತ ನೊರೆ ಬಂದರೆ ಅದನ್ನು ಇನ್ನೂ ತರಬಾರದಿತ್ತು ಅಂತ ಅರ್ಥ.

ತೋಟದವರು ಮೋಸಹೋಗುವುದು ಇಲ್ಲೇ. ಮಳೆಗೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುವ ಕೆಲಸ, ಮಾಡಿಸುತ್ತೇವೆ, ರಾಶಿ ರಾಶಿ ಕೊಂಬೆ ಬೀಳುತ್ತದೆ, ಸೌದೆ ಬೇಕಾದಷ್ಟು ಆಯಿತು ಅಂತ ಖುಷಿಪಡುತ್ತೇವೆ. ಮೇ ತಿಂಗಳಲ್ಲಿ ಬಿದ್ದ ಕೊಂಬೆ ಆ ಮಳೆಗಾಲಕ್ಕೆ ಆಗುವುದಿಲ್ಲ. ಅದು ಮುಂದಿನ ವರ್ಷಕ್ಕೆ. ಈ ವರ್ಷದ ಒಲೆಗೆ ಹೋದ ವರ್ಷವೇ ಕಡಿದು ಸೀಳಿಟ್ಟದ್ದು ಬೇಕು. ಸೀಳುವ ಕೆಲಸ ನಮ್ಮ ಸುಗ್ಗಿ ಹಬ್ಬ ಹುತ್ತರಿ (ನವೆಂಬರ್–ಡಿಸೆಂಬರ್) ಕಳೆದ ಮೇಲೆ, ಒಣಗಾಳಿ ಬೀಸುವಾಗ ಮುಗಿಸಿ. ಸೀಳದ ಕೊರಡು ಎಷ್ಟು ದಿನ ಇಟ್ಟರೂ ಒಳಗೆ ಹಸಿಯೇ. ಜೂನ್‌ನಲ್ಲಿ ಲೋಡ್ ಸೌದೆ ಕೊಳ್ಳಬೇಡಿ, ಕೊಂಡರೂ ಮುಂದಿನ ವರ್ಷಕ್ಕೆ ಅಂತ ಒಟ್ಟಿಡಿ.

ಸಿಲ್ವರ್ ಓಕ್ ಸುಲಭವಾಗಿ ಸೀಳುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ, ಅಷ್ಟೇ ಬೇಗ ಮುಗಿದೂ ಹೋಗುತ್ತದೆ. ಬೆಂಕಿ ಹಚ್ಚಲಿಕ್ಕೆ ಅದು ಸರಿ. ಆಮೇಲೆ ನಿಲ್ಲುವ ಕಾವು ಬೇಕಾದರೆ ಕಿತ್ತ ಹಳೆ ಕಾಫಿ ಗಿಡದ ಬುಡಕ್ಕೆ ಸಾಟಿ ಇಲ್ಲ. ಗಟ್ಟಿ ಮರ, ನಿಧಾನವಾಗಿ ಉರಿದು ಒಳ್ಳೆಯ ಕೆಂಡ ಕೊಡುತ್ತದೆ. ಹಾಲುವಾಣ ಮೆದು, ಅದನ್ನು ನಾನು ಒಲೆಗೆ ಎಣಿಸುವುದೇ ಇಲ್ಲ. ಬಿದಿರನ್ನು ಇಡಿಯಾಗಿ ಹಾಕಬೇಡಿ, ಗೆಣ್ಣಿನ ನಡುವಿನ ಗಾಳಿ ಕಾದು ಢಂ ಅಂತ ಸಿಡಿಯುತ್ತದೆ. ಇನ್ನೊಂದು ಮುಖ್ಯ ವಿಷಯ. ಬೋರರ್ (ಕಾಂಡ ಕೊರೆಯುವ ಹುಳು) ಹಿಡಿದ ಅರೇಬಿಕಾ ಕಾಫಿ ಗಿಡವನ್ನು ಕಿತ್ತು ತಂದು ಸೌದೆಮನೆಯಲ್ಲಿ ತಿಂಗಳುಗಟ್ಟಲೆ ಒಣಗಲು ಇಡಬೇಡಿ. ಏಪ್ರಿಲ್–ಮೇನಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಆ ಕಾಂಡದೊಳಗಿನ ಹುಳು ದುಂಬಿಯಾಗಿ ಹೊರಬಂದು ತೋಟಕ್ಕೇ ಹಾರುತ್ತದೆ. ಅಂಥ ಗಿಡವನ್ನು ಕಿತ್ತ ಕೂಡಲೇ ತೋಟದಲ್ಲೇ ಸುಟ್ಟುಬಿಡಿ. ಪೇಂಟ್ ಹಚ್ಚಿದ ಹಲಗೆ, ಪ್ಲೈವುಡ್, ಹಾಲಿನ ಪ್ಯಾಕೆಟ್ ಇವು ಯಾವುವೂ ಒಲೆಯ ಹತ್ತಿರ ಬರಬಾರದು.

ಒಟ್ಟುವಾಗ ಕೆಳಗೆ ಕಲ್ಲಿಟ್ಟು ನೆಲದಿಂದ ಎತ್ತರಿಸಿ, ಇಲ್ಲದಿದ್ದರೆ ಗೆದ್ದಲು. ಮೇಲೆ ಶೀಟ್ ಇರಲಿ, ಪಕ್ಕಗಳು ತೆರೆದಿರಲಿ. ಸುತ್ತಲೂ ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವತು ಅಣಬೆ ಏಳುತ್ತದೆ. ಕತ್ತಲಲ್ಲಿ ರಾಶಿಗೆ ಕೈ ಹಾಕಬೇಡಿ, ಚೇಳು, ಹಾವು ಎರಡಕ್ಕೂ ಅದು ಇಷ್ಟದ ಜಾಗ.

ಹಚ್ಚುವ ರೀತಿಯನ್ನು ಒಮ್ಮೆ ಬದಲಿಸಿ ನೋಡಿ. ದಪ್ಪ ಸೌದೆ ಕೆಳಗೆ, ಅದರ ಮೇಲೆ ಸಣ್ಣದು, ತುದಿಗೆ ಚಕ್ಕೆ. ಬೆಂಕಿ ಮೇಲಿನಿಂದ ಹಚ್ಚಿ. ಉರಿ ಕೆಳಗಿಳಿಯುತ್ತಾ ಬರುವಾಗ ಹೊಗೆ ಜ್ವಾಲೆಯ ನಡುವೆಯೇ ಹಾದು ಸುಟ್ಟುಹೋಗುತ್ತದೆ. ತುಂಬಾ ಥಂಡಿಯ ದಿನ ಚಿಮಣಿಯೊಳಗೆ ತಣ್ಣನೆ ಗಾಳಿ ಕೂತಿರುತ್ತದೆ, ಹೊಗೆ ಕೋಣೆಗೇ ನುಗ್ಗುತ್ತದೆ. ಮೊದಲು ಕೊಳವೆಯ ಬಾಯಿಯಲ್ಲಿ ಒಂದು ಕಾಗದ ಉರಿಸಿ, ದಾರಿ ಬಿಡುತ್ತದೆ. ರಾತ್ರಿಯಿಡೀ ಕೆಂಡ ಇರಲಿ ಅಂತ ಒಲೆ ತುಂಬಿ ಗಾಳಿ ಮುಚ್ಚುವ ಅಭ್ಯಾಸ ಬಿಡಿ. ಹಾಗೆ ಕಮರುವ ಹೊಗೆ ಚಿಮಣಿಯ ಒಳಗೋಡೆಗೆ ಟಾರಿನ ಹಾಗೆ ಅಂಟುತ್ತದೆ. ಮುಂದೊಂದು ದಿನ ಅದಕ್ಕೇ ಬೆಂಕಿ ಹಿಡಿಯುತ್ತದೆ. ಚಿಮಣಿಯಲ್ಲಿ ಗುಡುಗುಡು ಸದ್ದು ಕೇಳಿದರೆ ಒಲೆಯ ಬಾಗಿಲು, ಗಾಳಿಯ ಕಿಂಡಿ ಎರಡೂ ಮುಚ್ಚಿ, ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ನೀರು ಸುರಿಯಬೇಡಿ.

ಅಗ್ಗಿಷ್ಟಿಕೆಯ ಬಗ್ಗೆ ಕೈಮುಗಿದು ಹೇಳುತ್ತೇನೆ. ಕೆಂಡ ತುಂಬಿದ ಬಾಣಲೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳಬೇಡಿ. ಬಾಣಂತಿ ಕೋಣೆಗಂತೂ ಬೇಡವೇ ಬೇಡ. ಹೊಗೆ ನಿಂತಿದೆ ಅಂದರೆ ಅಪಾಯ ನಿಂತಿದೆ ಅಂತಲ್ಲ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಹೋಮ್‌ಸ್ಟೇ ನಡೆಸುವವರು ಅತಿಥಿಗಳು ಕೇಳಿದರೂ ಕೊಡಬೇಡಿ, ಹೊರಗೆ ಅಂಗಳದಲ್ಲಿ ಬೆಂಕಿ ಹಾಕಿಕೊಡಿ. ಚಿಮಣಿ ಇರುವ ಒಲೆಯಿದ್ದರೂ ಒಂದು ಕಿಟಕಿ ಬೆರಳಷ್ಟು ತೆರೆದಿರಲಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಗೋಡೆಯಲ್ಲಿರಲಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಕೂಡಲೇ ಹೊರಗೆ ಬನ್ನಿ.

ಆಸ್ತಮಾ ಇರುವವರು, ಎಳೆಮಗು ಇರುವ ಮನೆಯಾದರೆ ಸೌದೆ ಒಲೆಯ ಆಸೆ ಬಿಡುವುದೇ ವಾಸಿ ಅನ್ನುತ್ತೇನೆ. ಎಷ್ಟು ಒಳ್ಳೆಯ ಒಲೆಯಾದರೂ ಬಾಗಿಲು ತೆರೆದಾಗ ಸ್ವಲ್ಪ ಹೊಗೆ ಒಳಗೆ ಬಂದೇ ಬರುತ್ತದೆ. ಮಡಿಕೇರಿ ಪೇಟೆಯಂಥ ಒತ್ತೊತ್ತು ಮನೆಗಳಲ್ಲಿ ನಮ್ಮ ಹೊಗೆ ಪಕ್ಕದವರ ಕಿಟಕಿಗೆ ಹೋಗುತ್ತದೆ, ಅದನ್ನೂ ಯೋಚಿಸಬೇಕು ಅಲ್ವಾ? ಬಟ್ಟೆ ಒಣಗಿಸಲಿಕ್ಕಷ್ಟೇ ಬೇಕಾದರೆ ಬಚ್ಚಲ ಹಂಡೆ ಒಲೆಯೇ ಸಾಕು. ಒಲೆಯಿಂದ ಮೂರಡಿಯಾದರೂ ದೂರ ತಂತಿ ಕಟ್ಟಿ, ಮೇಲೆ ಆವಿ ಹೋಗಲು ಕಿಂಡಿ ಬಿಡಿ.

ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್‌ಗೆ ಹಾಕಿ ಹೊರಗಿಡಿ. ಒಳಗಿನ ಕೆಂಡ ಮಾರನೇ ದಿನವೂ ಜೀವಂತ ಇರುತ್ತದೆ. ಆರಿದ ಮೇಲೆ ತೆಳ್ಳಗೆ ತರಕಾರಿ ಮಡಿಗೆ ಎರಚಿ, ಮಳೆಗೆ ಹುಳಿಯಾದ ನಮ್ಮ ಮಣ್ಣಿಗೆ ಒಳ್ಳೆಯದು. ಯೂರಿಯಾ ಜೊತೆ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಚಿಮಣಿ ಉಜ್ಜುವ ಕೆಲಸ ಏಪ್ರಿಲ್‌ನಲ್ಲೇ ಮಾಡಿಸಿ, ಹಕ್ಕಿಗೂಡು, ಜೇನು ಏನಾದರೂ ಇದ್ದರೆ ಆಗಲೇ ಗೊತ್ತಾಗುತ್ತದೆ. ಮೇ ಬಂತೆಂದರೆ ಎಲ್ಲರ ಮನೆಯ ಹೆಂಚು ಸರಿಮಾಡುವ ಗಡಿಬಿಡಿ. ಆಗ ಕೆಲಸಕ್ಕೆ ಜನ ಸಿಗುವುದಿಲ್ಲ.