ಬೆಳದಿಂಗಳು ತೆಗೆದು ಹಾಕಿದ ಮೇಲೆ: ಕಾದಂಬರಿ ಬರೆದ ನನ್ನ ಅನುಭವ

ನನ್ನ ಕಾದಂಬರಿಯಲ್ಲಿ ಇಬ್ಬರು ಹುಡುಗರಿದ್ದಾರೆ. ಈರಣ್ಣ ಬೈಲಹೊಂಗಲ ಕಡೆಯವನು, ಒಕ್ಕಲುತನದ ಮನೆ. ವಿಠ್ಠಲ ಶಹಾಪುರದ ನೇಕಾರರ ಮನೆಯವನು. ಇಬ್ಬರಿಗೂ 16 ವರ್ಷ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಕೆಲಸಕ್ಕೆ ಬಂದು ಒಬ್ಬರಿಗೊಬ್ಬರು ಜೀವ ಹಚ್ಚಿಕೊಳ್ಳುತ್ತಾರೆ. ಕಥೆ ಅಂದ್ರೆ ಇಷ್ಟೇ. ಇದನ್ನು ಬರೆಯೋಕೆ ನನಗೆ ನಾಲ್ಕು ವರ್ಷ ಹಿಡಿಯಿತು.

ಬೆಳಗಾವಿಯ ಟಿಳಕವಾಡಿಯಲ್ಲಿರುವ ಕಾಂಗ್ರೆಸ್ ಬಾವಿ ನೋಡುತ್ತಾ ಬೆಳೆದವನು ನಾನು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು, ಬಂದ ಜನಕ್ಕೆ ನೀರು ಬೇಕು ಅಂತ ಬಾವಿ ತೋಡಿಸಿ ಪಂಪಾ ಸರೋವರ ಅಂತ ಹೆಸರಿಟ್ಟರು, ಅಧಿವೇಶನದ ಜಾಗಕ್ಕೆ ವಿಜಯನಗರ ಅಂತ ಕರೆದರು. ದೊಡ್ಡವರ ಹೆಸರೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಮಣ್ಣಿನ ಬುಟ್ಟಿ ಹೊತ್ತವರು ಯಾರು? ಶಾಲೆ ಹುಡುಗನಾಗಿದ್ದಾಗಲೇ ಈ ಪ್ರಶ್ನೆ ಬಂದಿತ್ತು. ಅದೇ ವಯಸ್ಸಿನಲ್ಲಿ ನಾನೂ ಒಬ್ಬ ಹುಡುಗನಿಗೆ ಜೀವ ಹಚ್ಚಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ, ಅವನಿಗೂ ಹೇಳಿರಲಿಲ್ಲ. ಈ ಎರಡೂ ಎಷ್ಟೋ ವರ್ಷ ಬೇರೆ ಬೇರೆಯಾಗೇ ಇದ್ದು, ಒಂದು ದಿನ ಬಾವಿಕಟ್ಟೆ ಹತ್ತಿರ ನಿಂತಾಗ ಕೂಡಿಕೊಂಡವು.

ಮೊದಲ ಪ್ರತಿ ಪೂರ್ತಿ ತಪ್ಪಾಗಿತ್ತು. ಹುಡುಗರು ನನ್ನ ಹಾಗೆ ಮಾತಾಡುತ್ತಿದ್ದರು, ನನ್ನ ಹಾಗೆ ಹೆದರುತ್ತಿದ್ದರು. ಕಾನೂನಿಗೆ ಹೆದರೋದು ನನ್ನದು. ಸಲಿಂಗ ಸಂಬಂಧವನ್ನು ಅಪರಾಧ ಅಂತಿದ್ದ 1860ರ ದಂಡಸಂಹಿತೆಯ 377ನೇ ಕಲಂ ಅವರ ಕಾಲದಲ್ಲೂ ಇತ್ತು, ನನ್ನ ಕಾಲದಲ್ಲೂ ಇತ್ತು, ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಡುವವರೆಗೂ ನಮ್ಮಂಥವರ ತಲೆ ಮೇಲೆ ತೂಗುತ್ತಿತ್ತು. ಆದರೆ ಮಗ್ಗದ ಮನೆಯ ಹುಡುಗನಿಗೆ ಅದರ ಗಂಧಗಾಳಿಯೂ ಇರಲಿಕ್ಕಿಲ್ಲ. ಅವನಿಗಿದ್ದ ಹೆದರಿಕೆ ಬೇರೆ. ಅಪ್ಪ ನೋಡಿದರೆ? ಬರುವ ವರ್ಷ ಮದುವೆ ಗೊತ್ತು ಮಾಡಿಬಿಟ್ಟರೆ? ಹಾಗಾಗಿ ಕೋರ್ಟು ಪೊಲೀಸು ಬಂದ ಪುಟಗಳನ್ನೆಲ್ಲ ತೆಗೆದೆ.

ಇವರ ಪ್ರೀತಿಗೆ ಏನು ಹೆಸರು ಅನ್ನೋದು ಅದಕ್ಕಿಂತ ಜಾಸ್ತಿ ಕಾಡಿತು. ಈಗಿನ ಯಾವ ಪದ ಹಾಕಿದರೂ ಅವರು ಅಲ್ಲಿಂದ ಎದ್ದು ಹೋಗುತ್ತಿದ್ದರು. ಕೊನೆಗೆ ನಮ್ಮ ಅಜ್ಜಿಯ ಮಾತು ನೆನಪಾಯಿತು. ಕರು ಸತ್ತ ಆಕಳ ಬಗ್ಗೆ, ತವರಿಗೆ ಹೋದ ಸೊಸೆಯ ಬಗ್ಗೆ, ಎಲ್ಲಕ್ಕೂ ಅವಳು ಒಂದೇ ಮಾತು ಹೇಳುತ್ತಿದ್ದಳು: ‘ಭಾಳ ಜೀವಾ ಹಚ್ಚಿಕೊಂಡಿತ್ತು.’ ನನಗೆ ಬೇಕಾದ ಮಾತು ಮನೆಯಲ್ಲೇ ಇತ್ತಲ್ವಾ! ಇಡೀ ಕಾದಂಬರಿಯಲ್ಲಿ ಅದನ್ನು ಒಂದೇ ಸಲ ಬಳಸಿದ್ದೇನೆ, ಅದೂ ಈರಣ್ಣನ ತಾಯಿಯ ಬಾಯಲ್ಲಿ.

ಇನ್ನು ಶಹಾಪುರ. ಇವತ್ತು ಅದು ಬೆಳಗಾವಿ ಊರೊಳಗೇ ಇದೆ, ನಡೆದು ಹೋಗಬಹುದು. ಆಗ ಶಹಾಪುರ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಬೆಳಗಾವಿ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿತ್ತು. ವಿಠ್ಠಲ ದಿನಾ ಬೆಳಿಗ್ಗೆ ಒಬ್ಬ ರಾಜನ ಸೀಮೆಯಿಂದ ಇನ್ನೊಬ್ಬರ ಸೀಮೆಗೆ ಕಾಲಿಟ್ಟು ಬರಬೇಕು. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಗಡಿ ದಾಟೋದು ಅವನಿಗೆ ಎಷ್ಟು ಸಹಜವಾಗಿತ್ತು ಅಂತ ತೋರಿಸೋಕೆ ಬೇರೆ ಏನೂ ಬೇಕಿರಲಿಲ್ಲ, ಸುಮ್ನೆ ಅವನನ್ನು ನಡೆಸಿದರೆ ಸಾಕಿತ್ತು.

ಅವರು ಹತ್ತಿರವಾಗುವುದು ಬಾವಿ ತೋಡುವಾಗ. ಈರಣ್ಣನ ಅಂಗೈ ಹೊಲದಲ್ಲಿ ದುಡಿದು ಕಲ್ಲಾಗಿದೆ, ವಿಠ್ಠಲನ ಕೈ ಲಾಳಿ ಹಿಡಿದ ಕೈ, ಗುದ್ದಲಿ ಹಿಡಿದ ಮೊದಲ ದಿನವೇ ಬೊಬ್ಬೆ ಎದ್ದು ಒಡೆಯುತ್ತದೆ. ಈರಣ್ಣ ತನ್ನ ಧೋತರದ ಅಂಚು ಹರಿದು ಕಟ್ಟುತ್ತಾನೆ, ಗಂಟು ಜಾರುತ್ತದೆ. ‘ಲೇ, ಹಂಗಲ್ಲೋ’ ಅಂತ ವಿಠ್ಠಲ ಒಂದೇ ಕೈಯಲ್ಲಿ, ಮಗ್ಗದ ಮೇಲೆ ಎಳೆ ಹರಿದಾಗ ಹಾಕುವ ಗಂಟನ್ನು ಕಲಿಸುತ್ತಾನೆ. ಈ ಒಂದು ಪುಟಕ್ಕಾಗಿ ನಾನು ಖಾಸಬಾಗದ ಒಬ್ಬ ಹಿರಿಯ ನೇಕಾರರ ಹತ್ತಿರ ಹೋಗಿ ಕುಣಿಮಗ್ಗದ ಪಕ್ಕ ಕೂತು ಗಂಟು ಹಾಕೋದು ಕಲಿತೆ. ಏನು ಬರೆಯೋಕೆ ಅಂತ ಅವರು ಕೇಳಿದರು, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಕಂಡಿಕೆ ಸುತ್ತುತ್ತಾ ಇದ್ದು, ‘ಗಂಟು ಸಣ್ಣದಿರಬೇಕ್ರೀ, ಕಣ್ಣಿಗೆ ಕಾಣಬಾರದು, ಆದ್ರ ಬಿಚ್ಚಬಾರದು’ ಅಂದರು. ಆಮೇಲೆ ಬರೆದ ಪ್ರತಿಯೊಂದು ಪುಟವನ್ನೂ ಈ ಮಾತಿಗೆ ಹಿಡಿದು ನೋಡಿದ್ದೇನೆ.

ದೊಡ್ಡ ಪೆಟ್ಟು ಬಿದ್ದದ್ದು ಬೆಳದಿಂಗಳಿನಿಂದ. ಅಧಿವೇಶನ ನಡೆದದ್ದು ಡಿಸೆಂಬರ್ 26 ಮತ್ತು 27. ಮೊದಲ ದಿನದ ರಾತ್ರಿ ಇಬ್ಬರೂ ಡೇರೆಗಳ ಹಿಂದೆ ಕೂತು ಮಾತಾಡುವ ದೃಶ್ಯ ನನ್ನ ಅತಿ ಪ್ರೀತಿಯದು. ನಾಲ್ಕು ಪುಟ, ತುಂಬಾ ಬೆಳದಿಂಗಳು. ಪಂಚಾಂಗ ಬಲ್ಲ ನಮ್ಮ ಸೋದರಮಾವನಿಗೆ ಓದಲು ಕೊಟ್ಟೆ. ಅವರು ಲೆಕ್ಕ ಹಾಕಿ, ‘ತಮ್ಮಾ, ಅವತ್ತ ಚಂದ್ರ ಎಲ್ಲಿಂದ ಬರತಾನ? ಅವತ್ತ ಅಮಾಸಿ’ ಅಂದರು. ನಂಬಿಕೆ ಬರಲಿಲ್ಲ. 1925ರ ಜನವರಿ 24ಕ್ಕೆ ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣ ಕಂಡಿತ್ತು. ಸೂರ್ಯಗ್ರಹಣ ಆಗೋದು ಅಮಾವಾಸ್ಯೆಗೆ ಮಾತ್ರ, ಅಲ್ಲಿಂದ 29 ದಿನ ಹಿಂದೆ ಎಣಿಸಿದೆ. ಮಾವ ಹೇಳಿದ್ದೇ ಸರಿ. ಅದೂ ಎಂಥ ಅಮಾವಾಸ್ಯೆ, ಮಾರ್ಗಶಿರದ್ದು, ನಮ್ಮ ಎಳ್ಳಮಾವಾಸ್ಯೆ!

ಎರಡು ದಿನ ಬೇಜಾರಲ್ಲಿದ್ದೆ. ಮೂರನೇ ದಿನ ಹೊಳೆಯಿತು. ಎಳ್ಳಮಾವಾಸ್ಯೆ ಅಂದ್ರೆ ಒಕ್ಕಲುತನದ ಮನೆಯವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದ್ರೆ ಹಬ್ಬದ ಅಡಿಗೆಯ ಒಂದು ಪಾಲನ್ನು ಭೂಮಿತಾಯಿಗೆ ಅರ್ಪಿಸುವ ದಿನ. ಈರಣ್ಣ ಹುಟ್ಟಿದಾಗಿನಿಂದ ತಪ್ಪಿಸದ ಹಬ್ಬವನ್ನು ಬಿಟ್ಟು ಇಲ್ಲಿ ಕೂತಿದ್ದಾನೆ! ಅವ್ವ ಊರಿನವರ ಕೈಯಲ್ಲಿ ಬುತ್ತಿ ಕಳಿಸಿದ್ದಾಳೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಣ್ಣೆಗಾಯಿ. ಬೆಳದಿಂಗಳು ತೆಗೆದೆ. ಈಗ ಅಲ್ಲಿ ಕತ್ತಲೆ, ದೂರದಲ್ಲಿ ಒಂದು ಕಂದೀಲು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಈರಣ್ಣ ರೊಟ್ಟಿ ಮುರಿದು ಕತ್ತಲಲ್ಲೇ ಕೈ ಚಾಚುತ್ತಾನೆ, ಆ ಕೈಯನ್ನು ವಿಠ್ಠಲ ತಡವಿ ಹುಡುಕಬೇಕು. ಹೊಲಕ್ಕೆ ಚೆಲ್ಲಬೇಕಾದ ಚರಗದ ಒಂದು ಚೂರನ್ನು ಹೊಸ ಬಾವಿಯ ಮಣ್ಣಿಗೆ ಹಾಕಿ, ಉಳಿದದ್ದನ್ನು ಇಬ್ಬರೂ ತಿನ್ನುತ್ತಾರೆ. ಕೈ ಬಿಡುವುದಿಲ್ಲ. ಅಷ್ಟಕ್ಕೇ ಆ ಅಧ್ಯಾಯ ಮುಗಿಯುತ್ತದೆ. ಚಂದ್ರನಿದ್ದಿದ್ದರೆ ನನಗೆ ಇದು ಸಿಗುತ್ತಲೇ ಇರಲಿಲ್ಲ.

ಓದಿದ ಒಬ್ಬ ಪ್ರಕಾಶಕರು ಕೊನೆಯಲ್ಲಿ ಇಬ್ಬರಲ್ಲಿ ಒಬ್ಬ ಸಾಯಲಿ, ಆಗ ಓದುಗರಿಗೆ ತಟ್ಟುತ್ತದೆ ಅಂದರು. ಒಪ್ಪಲಿಲ್ಲ. ಇಂಥ ಹುಡುಗರನ್ನು ಕಥೆಗಳಲ್ಲಿ ಸಾಯಿಸಿದ್ದು ಸಾಕು, ಪ್ರೀತಿಸಿದ ತಪ್ಪಿಗೆ ನನ್ನ ಕೈಯಿಂದ ಅವರಿಗೆ ಶಿಕ್ಷೆ ಆಗಬಾರದು. ನನ್ನ ಕಾದಂಬರಿ ಅಧಿವೇಶನ ಮುಗಿದು ಡೇರೆ ಬಿಚ್ಚುವಲ್ಲಿಗೆ ನಿಲ್ಲುತ್ತಿತ್ತು, ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು.

ನಮ್ಮ ಅವ್ವನಿಗೆ ಕಣ್ಣು ಮಂಜು, ಹಾಗಾಗಿ ನಾನೇ ಪೂರ್ತಿ ಓದಿ ಹೇಳಿದೆ. ಹನ್ನೊಂದು ಸಂಜೆ ಹಿಡಿಯಿತು. ನಡುವೆ ಅವಳು ಏನೂ ಕೇಳಲಿಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುಂದ ಆ ಹುಡುಗೂರು ಭೆಟ್ಟಿ ಆಗ್ಲೇ ಇಲ್ಲೇನು?’ ಅಂದಳು.

ಅವತ್ತು ರಾತ್ರಿಯೇ ಇನ್ನೊಂದು ಅಧ್ಯಾಯಕ್ಕೆ ಕೂತೆ. ಮರುವರ್ಷದ ಎಳ್ಳಮಾವಾಸ್ಯೆ, ಬೈಲಹೊಂಗಲದ ಹೊಲ, ಈರಣ್ಣನ ಅವ್ವ ಬುತ್ತಿ ಬಿಚ್ಚುತ್ತಿದ್ದಾಳೆ. ಬದುವಿನ ಮೇಲೆ ಯಾರೋ ಬರುತ್ತಿದ್ದಾರೆ. ಅವಳು ಕಣ್ಣ ಮೇಲೆ ಕೈ ಹಿಡಿದು ನೋಡಿ, ಇನ್ನೊಂದು ರೊಟ್ಟಿ ತೆಗೆದಿಡುತ್ತಾಳೆ.